ಹೆಸರು ಚೆನ್ನೈ, ಆಟ ಕೊಯಮತ್ತೂರು

2019ರ ಮಾರ್ಚ್ 9ರಂದು ಚೆನ್ನೈನ ಹೆಸರು ಹೊತ್ತ ಒಂದು ಫುಟ್ಬಾಲ್ ಕ್ಲಬ್ ಐ-ಲೀಗ್ ಗೆದ್ದಿತು. ಅದು ಋತುವಿನ ಕೊನೆಯ ದಿನ. ಮಿನರ್ವಾ ಪಂಜಾಬ್ ವಿರುದ್ಧ ಚೆನ್ನೈ ಸಿಟಿ ಆಟ ಶುರುವಾದ ಮೂರನೇ ನಿಮಿಷಕ್ಕೇ ಒಂದು ಗೋಲು ಬಿಟ್ಟುಕೊಟ್ಟಿತ್ತು. ಅತ್ತ ಕೋಯಿಕ್ಕೋಡ್‌ನಲ್ಲಿ ಆಡುತ್ತಿದ್ದ ಈಸ್ಟ್ ಬೆಂಗಾಲ್, ಇಲ್ಲಿ ಚೆನ್ನೈ ಎಡವಿದರೆ ಪ್ರಶಸ್ತಿ ತನ್ನದೆಂದು ಕಾದಿತ್ತು. ಎರಡನೇ ಅವಧಿಯಲ್ಲಿ ಪೆಡ್ರೊ ಮಾಂಜಿ ಪೆನಾಲ್ಟಿಯಲ್ಲಿ ಸಮ ಮಾಡಿದ. ಆ ಋತುವಿನಲ್ಲಿ ಅದು ಅವನ 21ನೇ ಗೋಲು. ಆಮೇಲೆ ರಕ್ಷಣಾ ಆಟಗಾರ ಗೌರವ್ ಬೋರಾ ಎರಡು ಗೋಲು ಹೊಡೆದು 3-1ರಲ್ಲಿ ಆಟ ಮುಗಿಸಿದ. ಈಸ್ಟ್ ಬೆಂಗಾಲ್ ಕೂಡ ಗೆದ್ದಿತು, ಆದರೂ ಚೆನ್ನೈ 43 ಅಂಕ, ಈಸ್ಟ್ ಬೆಂಗಾಲ್ 42. ಏಷ್ಯಾದ ಚಾಂಪಿಯನ್ಸ್ ಲೀಗ್‌ಗೆ ಅರ್ಹತಾ ಸುತ್ತಿನ ದಾರಿ ಆಗ ಐ-ಲೀಗ್ ವಿಜೇತರಿಗೇ ಮೀಸಲು. ಹಾಗಾಗಿ ಇದು ಸಣ್ಣ ಪುಟ್ಟ ಗೆಲುವಾಗಿರಲಿಲ್ಲ. 1946ರಲ್ಲಿ ಮದ್ರಾಸಿನ ನುಂಗಂಬಾಕ್ಕಂ ಬಡಾವಣೆಯಲ್ಲಿ ನುಂಗಂಬಾಕ್ಕಂ ಸ್ಪೋರ್ಟ್ಸ್ ಕ್ಲಬ್ ಎಂಬ ಹೆಸರಿನಲ್ಲಿ ಹುಟ್ಟಿದ ಕೂಟವೊಂದು ಏಳು ದಶಕ ಕಳೆದ ಮೇಲೆ ದೇಶದ ದೊಡ್ಡ ಟ್ರೋಫಿಯೊಂದನ್ನು ಎತ್ತಿತ್ತು. ಆದರೆ ಆ ಟ್ರೋಫಿ ಎತ್ತಿದ್ದು ಕೊಯಮತ್ತೂರಿನ ನೆಹರೂ ಕ್ರೀಡಾಂಗಣದಲ್ಲಿ, ನುಂಗಂಬಾಕ್ಕಮ್ಮಿನಿಂದ ಸುಮಾರು ಐನೂರು ಕಿಲೋಮೀಟರ್ ಆಚೆ.

ಕೊಯಮತ್ತೂರಿನ ಜನರದ್ದೇನೂ ತಪ್ಪಿಲ್ಲ. ಬಂದ ತಂಡವನ್ನು ಅವರು ತಮ್ಮದೆಂದು ಬರಮಾಡಿಕೊಂಡರು, ಗ್ಯಾಲರಿ ತುಂಬಿಸಿದರು. ಕ್ಲಬ್ಬಿನ ಮಾಲೀಕರಿಗೂ ಅಲ್ಲಿಗೆ ಹೋಗಲು ಕಾರಣಗಳಿದ್ದವು. ಚೆನ್ನೈನ ಏಕೈಕ ದೊಡ್ಡ ಫುಟ್ಬಾಲ್ ಅಂಗಳ ಆಗಲೇ ಇಂಡಿಯನ್ ಸೂಪರ್ ಲೀಗ್‌ನ ಚೆನ್ನೈಯಿನ್ ಎಫ್‌ಸಿಯ ತವರಾಗಿತ್ತು. ನಗರದ ಗಮನವೂ ಜಾಹೀರಾತಿನ ಹಣವೂ ಆ ಕಡೆಗೇ ಹರಿಯುತ್ತಿತ್ತು. ಪ್ರಶ್ನೆ ಬೇರೆಯದು. ಊರಿನ ಹಳೆಯ ಕ್ಲಬ್ಬೊಂದು ಊರು ಬಿಟ್ಟು ಹೋದಾಗ ಊರಿಗೆ ಅದು ಗೊತ್ತೇ ಆಗದಂತೆ ಯಾಕಿತ್ತು? ಇಂಗ್ಲೆಂಡಿನಲ್ಲಿ ವಿಂಬಲ್ಡನ್ ಕ್ಲಬ್ಬನ್ನು 2003ರಲ್ಲಿ ಮಿಲ್ಟನ್ ಕೀನ್ಸ್‌ಗೆ ಸಾಗಿಸಿದಾಗ ಆ ದೂರ ನೂರು ಕಿಲೋಮೀಟರೂ ಇರಲಿಲ್ಲ. ಅಭಿಮಾನಿಗಳು ಅದನ್ನು ಒಪ್ಪದೆ, ಸ್ಥಳಾಂತರಕ್ಕೆ ಅನುಮತಿ ಸಿಕ್ಕ 2002ರಲ್ಲೇ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿದರು, ಕೆಳಗಿನ ದರ್ಜೆಗಳಿಂದ ಒಂದೊಂದೇ ಮೆಟ್ಟಿಲು ಹತ್ತಿ 2011ರಲ್ಲಿ ವೃತ್ತಿಪರ ಲೀಗ್ ಸೇರಿದರು, 2020ರಲ್ಲಿ ತಮ್ಮ ಹಳೆಯ ಬೀದಿ ಪ್ಲೌ ಲೇನ್‌ನಲ್ಲೇ ಹೊಸ ಮೈದಾನ ಮಾಡಿಕೊಂಡರು. ಚೆನ್ನೈಯಲ್ಲಿ ಅಂಥದ್ದೇನೂ ನಡೆಯಲಿಲ್ಲ. ಆಧುನಿಕ ಫುಟ್ಬಾಲ್ ಹಳೆಯ ಕ್ಲಬ್ಬುಗಳ ಪರಂಪರೆಯನ್ನೂ ಗ್ಯಾಲರಿಯ ಕಳೆಯನ್ನೂ ನುಂಗುತ್ತಿದೆ ಎಂಬ ದೂರು ಜಗತ್ತಿನ ಎಲ್ಲೆಡೆ ಇದೆ. ಯುರೋಪಿನಲ್ಲಿ ಆ ದೂರು ಬಹುತೇಕ ದುಬಾರಿ ಟಿಕೆಟ್ಟು, ವಿದೇಶಿ ಮಾಲೀಕರು, ಕೆಡವಿದ ಹಳೆಯ ಸ್ಟ್ಯಾಂಡುಗಳ ಸುತ್ತ ತಿರುಗುತ್ತದೆ. ಅದನ್ನೇ ತಂದು ಚೆನ್ನೈಗೆ ಅಂಟಿಸಿದರೆ ರೋಗ ಸಿಕ್ಕುವುದಿಲ್ಲ. ಇಲ್ಲಿ ಕಡಿದುಹೋಗಿರುವುದು ಕೇರಿಯ ಮೈದಾನದಿಂದ ಊರಿನ ಲೀಗ್, ಅಲ್ಲಿಂದ ದೊಡ್ಡ ಕ್ರೀಡಾಂಗಣ ಎಂಬ ಏಣಿ. ಗ್ಯಾಲರಿಯ ಗದ್ದಲ ಹುಟ್ಟುವುದು ಆ ಏಣಿಯ ಮೇಲೆ ಎಂಬುದು ಈ ಲೇಖನದ ವಾದ.

ಹಳೆಯ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದಕ್ಷಿಣ ಭಾರತದ ನಗರಗಳಲ್ಲಿ ಫುಟ್ಬಾಲನ್ನು ದಶಕಗಳ ಕಾಲ ಸಾಕಿದ್ದು ಇಲಾಖೆಗಳು, ಕಾರ್ಖಾನೆಗಳು, ಬ್ಯಾಂಕುಗಳು. ಮದ್ರಾಸಿನ ಲೀಗ್‌ನಲ್ಲಿ ಐಸಿಎಫ್, ಸದರ್ನ್ ರೈಲ್ವೆ, ಇಂಡಿಯನ್ ಬ್ಯಾಂಕ್, ಕಸ್ಟಮ್ಸ್, ಆದಾಯ ತೆರಿಗೆ, ಎಜಿ ಆಫೀಸ್ ತಂಡಗಳಿದ್ದವು. ಪೆರಂಬೂರಿನಲ್ಲಿ 1955ರಲ್ಲಿ ರೈಲುಬೋಗಿ ಕಾರ್ಖಾನೆ ಐಸಿಎಫ್ ಶುರುವಾದಾಗ ಅದರ ಜೊತೆ ಕಾಲೊನಿಯೂ ಮೈದಾನವೂ ಬಂದವು. ಪಕ್ಕದಲ್ಲೇ ಆಟಗಾರರ ಕೇರಿ ವ್ಯಾಸರ್‌ಪಾಡಿ. ಚೆನ್ನಾಗಿ ಆಡುವ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತಿತ್ತು. ಬೆಳಗ್ಗೆ ಪ್ರಾಕ್ಟೀಸು, ಆಮೇಲೆ ಆಫೀಸು, ಸಂಜೆ ಮ್ಯಾಚು. ಮೂವತ್ತೈದಕ್ಕೆ ಬೂಟು ಕಳಚಿದ ಮೇಲೂ ಅವನು ಅದೇ ಕ್ವಾರ್ಟರ್ಸಿನಲ್ಲಿ, ಅದೇ ಕೌಂಟರಿನಲ್ಲಿ ಇರುತ್ತಿದ್ದ. ಆಟಗಾರನನ್ನು ಜನ ಪೋಸ್ಟರಿನಿಂದ ಗುರುತಿಸುತ್ತಿರಲಿಲ್ಲ, ಬೀದಿಯಿಂದ ಗುರುತಿಸುತ್ತಿದ್ದರು. ಬೆಂಗಳೂರಿನ ಕಥೆಯೂ ಇದೇ. ಐಟಿಐ, ಎಚ್‌ಎಎಲ್‌ಗಳ ತಂಡಗಳು, ಅದಕ್ಕೂ ಹಿಂದೆ 1937 ಮತ್ತು 1938ರಲ್ಲಿ ಸತತವಾಗಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಒಲಿಂಪಿಕ್ಸ್ ತಂಡಕ್ಕೆ ಮತ್ತೆ ಮತ್ತೆ ಆಟಗಾರರನ್ನು ಕೊಟ್ಟ ಹಲಸೂರಿನ ಗೌತಮಪುರ, ಆಸ್ಟಿನ್ ಟೌನು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನ ಆಟಗಾರ. 1960ರ ರೋಮ್‌ನಲ್ಲಿ ಪೆರು ವಿರುದ್ಧ ಗೋಲು ಹೊಡೆದ ಸೈಮನ್ ಸುಂದರರಾಜ್ ತಮಿಳುನಾಡಿನವರು. ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್ಬಾಲ್ ಆಡಿದ್ದು ಅದೇ ಕೊನೆ, ಆ ಗೋಲೂ ಈವರೆಗಿನ ಕೊನೆಯದು. ಈ ಇಬ್ಬರನ್ನು ಬೆಳೆಸಿದ್ದು ಯಾವ ದೊಡ್ಡ ಬ್ರ್ಯಾಂಡೂ ಅಲ್ಲ, ಊರೊಳಗಿನ ಆಟ.

ಈ ವ್ಯವಸ್ಥೆಗೆ ಹೊಡೆತ ಬಿದ್ದದ್ದು ಎರಡು ಕಡೆಯಿಂದ. ಮೊದಲನೆಯದು ಉದ್ಯೋಗ. ಸಾರ್ವಜನಿಕ ಉದ್ದಿಮೆಗಳು ನೇಮಕಾತಿ ಕಡಿಮೆ ಮಾಡಿದಂತೆ ಆಟಗಾರರ ನೇಮಕವೂ ಕುಗ್ಗಿತು. 1996ರಲ್ಲಿ ಆರಂಭವಾದ ನ್ಯಾಷನಲ್ ಫುಟ್ಬಾಲ್ ಲೀಗ್‌ನಲ್ಲಿ ಚೆನ್ನೈನ ಇಂಡಿಯನ್ ಬ್ಯಾಂಕ್, ಬೆಂಗಳೂರಿನ ಐಟಿಐ ಎರಡೂ ಆಡಿದವು, ಎರಡೂ ಉಳಿಯಲಿಲ್ಲ. ಎಚ್‌ಎಎಲ್ ಐ-ಲೀಗ್‌ನಿಂದ 2012ರಲ್ಲಿ ಹಿಂಬಡ್ತಿ ಪಡೆಯಿತು. ಎರಡನೆಯದು ಏಷ್ಯಾ ಫುಟ್ಬಾಲ್ ಒಕ್ಕೂಟದ ಪರವಾನಗಿ ನಿಯಮಗಳು. ಕ್ಲಬ್ಬೆಂದರೆ ಪ್ರತ್ಯೇಕ ಕಾನೂನುಬದ್ಧ ಸಂಸ್ಥೆಯಾಗಿರಬೇಕು, ಅದಕ್ಕೆ ಯುವ ತಂಡಗಳಿರಬೇಕು, ಲೆಕ್ಕಪತ್ರ ಸರಿಯಿರಬೇಕು ಎಂದು ಅವು ಹೇಳುತ್ತಿದ್ದವು. ಬ್ಯಾಂಕಿನ ಮನರಂಜನಾ ಕ್ಲಬ್ಬಾಗಲಿ ವಿಮಾನ ಕಂಪನಿಯ ಕ್ರೀಡಾ ವಿಭಾಗವಾಗಲಿ ಆ ಅಳತೆಗೆ ಒಗ್ಗಲಿಲ್ಲ. ಏರ್ ಇಂಡಿಯಾ ಮತ್ತು ಒಎನ್‌ಜಿಸಿ ತಂಡಗಳನ್ನು 2013ರಲ್ಲಿ ಐ-ಲೀಗ್‌ನಿಂದ ಹೊರಗಿಟ್ಟದ್ದು ಇದೇ ಕಾರಣಕ್ಕೆ. ಖಾಸಗಿ ಕಂಪನಿಗಳ ತಂಡಗಳಾದ ಮಹೀಂದ್ರ ಯುನೈಟೆಡ್ 2010ರಲ್ಲಿ, ಜೆಸಿಟಿ 2011ರಲ್ಲಿ ತಾವಾಗಿಯೇ ಬಾಗಿಲು ಹಾಕಿದ್ದವು. ನಿಯಮಗಳು ಕೆಟ್ಟವೇನಲ್ಲ. ಆಟಗಾರನ ಸಂಬಳ, ಎಳೆಯರ ತರಬೇತಿ ಇವಕ್ಕೆಲ್ಲ ಒಂದು ಕಟ್ಟುಪಾಡು ಬೇಕೇ ಬೇಕಿತ್ತು. ಆದರೆ ಹಳೆಯ ತಂಡಗಳಿಗೆ ಕ್ಲಬ್ಬುಗಳಾಗಿ ಮಾರ್ಪಡಲು ಯಾರೂ ಕೈಹಿಡಿದು ದಾರಿ ತೋರಿಸಲಿಲ್ಲ. ಅವುಗಳ ಜಾಗದಲ್ಲಿ ಹೊಸದನ್ನು ತಂದು ಕೂರಿಸುವುದು ಸುಲಭವೆನಿಸಿತು.

ಹೊಸದು ಬಂದದ್ದು 2014ರಲ್ಲಿ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಮೊದಲ ವರ್ಷ ಎರಡೇ ತಿಂಗಳಿನ ಹಬ್ಬ. ಚೆನ್ನೈಯಿನ್ ಎಫ್‌ಸಿಗೆ ಅಭಿಷೇಕ್ ಬಚ್ಚನ್, ಮಹೇಂದ್ರ ಸಿಂಗ್ ಧೋನಿ, ವೀಟಾ ದಾನಿ ಒಡೆಯರು. ವಿಶ್ವಕಪ್ ಗೆದ್ದಿದ್ದ ಇಟಲಿಯ ಮಾರ್ಕೊ ಮ್ಯಾಟರಾಜಿ ಆಟಗಾರನೂ ಕೋಚೂ ಆಗಿ ಬಂದ. ಬ್ರೆಜಿಲ್‌ನ ಎಲಾನೊ ಎಂಟು ಗೋಲು ಹೊಡೆದು ಆ ವರ್ಷದ ಅತಿ ಹೆಚ್ಚು ಗೋಲಿನ ಪಟ್ಟ ಪಡೆದ. ಮರುವರ್ಷವೇ ತಂಡ ಗೋವಾದ ಫತೋರ್ಡಾದಲ್ಲಿ ಫೈನಲ್ ಗೆದ್ದಿತು, 2018ರಲ್ಲಿ ನಮ್ಮ ಕಂಠೀರವದಲ್ಲೇ ಬೆಂಗಳೂರು ಎಫ್‌ಸಿಯನ್ನು 3-2ರಿಂದ ಸೋಲಿಸಿ ಮತ್ತೊಮ್ಮೆ ಗೆದ್ದಿತು. ಈ ಸಾಧನೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ದೂರದರ್ಶನದಲ್ಲಿ ನಡುರಾತ್ರಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನೋ ಚೆಲ್ಸಿಯನ್ನೋ ನೋಡುತ್ತಿದ್ದ ಚೆನ್ನೈನ ಯುವಕರನ್ನು ಈ ಲೀಗ್ ತಮ್ಮೂರಿನ ಕ್ರೀಡಾಂಗಣಕ್ಕೆ ಕರೆತಂದಿತು. ಬಿ ಸ್ಟ್ಯಾಂಡ್ ಬ್ಲೂಸ್, ಸೂಪರ್ ಮಚ್ಚಾನ್ಸ್ ಎಂಬ ಅಭಿಮಾನಿ ಬಳಗಗಳು ಹುಟ್ಟಿದವು. ಅವರ ಡೋಲು, ಬ್ಯಾನರು, ಹಾಡುಗಳ ಹಿಂದಿನ ಪ್ರೀತಿ ನಿಜವಾದದ್ದು, ಯಾರೂ ಸಂಬಳ ಕೊಟ್ಟು ಹಾಡಿಸಿದ್ದಲ್ಲ.

ಆದರೆ ಅವರು ನಿಂತು ಹಾಡುವ ಜಾಗವನ್ನು ನೋಡಿ. ಪೆರಿಯಮೇಡಿನ ಜವಾಹರಲಾಲ್ ನೆಹರೂ ಕ್ರೀಡಾಂಗಣಕ್ಕೆ ಫುಟ್ಬಾಲ್‌ಗಿಂತ ದೊಡ್ಡ ಚರಿತ್ರೆ ಇದೆ. ಹಳೆಯ ಕಾರ್ಪೊರೇಷನ್ ಸ್ಟೇಡಿಯಂ ಆಗಿದ್ದಾಗ, 1956ರ ಜನವರಿಯಲ್ಲಿ, ವಿನೂ ಮಂಕಡ್ ಮತ್ತು ಪಂಕಜ್ ರಾಯ್ ನ್ಯೂಜಿಲೆಂಡ್ ವಿರುದ್ಧ ಮೊದಲ ವಿಕೆಟ್‌ಗೆ 413 ರನ್ ಸೇರಿಸಿದ್ದು ಅಲ್ಲೇ. 1993ರಲ್ಲಿ ನೆಹರೂ ಕಪ್ ಫುಟ್ಬಾಲ್, 1995ರಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟ ಅಲ್ಲಿ ನಡೆದವು. ಅಂಗಳಕ್ಕೂ ಮೊದಲ ಸಾಲಿನ ಕುರ್ಚಿಗೂ ನಡುವೆ ಓಟದ ಟ್ರ್ಯಾಕು. ಗೋಲಿನ ಹಿಂದೆ ಕುಳಿತವನಿಗೆ ಟ್ರ್ಯಾಕಿನ ತಿರುವು, ಅದರಾಚೆ ಖಾಲಿ ಹುಲ್ಲು, ಅದರಾಚೆ ಗೋಲುಕಂಬ. ಕೂಗಿದ ಕೂಗು ಆಟಗಾರನ ಕಿವಿಗೆ ಮುಟ್ಟುವಷ್ಟರಲ್ಲಿ ತೆಳುವಾಗುತ್ತದೆ. ಲಂಡನ್ನಿನ ವೆಸ್ಟ್ ಹ್ಯಾಮ್ 2016ರಲ್ಲಿ ಒತ್ತೊತ್ತಾದ ಅಪ್ಟನ್ ಪಾರ್ಕ್ ಬಿಟ್ಟು ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋದಾಗ ಅದರ ಅಭಿಮಾನಿಗಳು ದೂರಿದ್ದೂ ಈ ಅಂತರದ ಬಗ್ಗೆಯೇ. ಅವರು ಇದ್ದದ್ದನ್ನು ಕಳೆದುಕೊಂಡರು. ಚೆನ್ನೈಗೆ ಫುಟ್ಬಾಲ್‌ಗೆಂದೇ ಕಟ್ಟಿದ ದೊಡ್ಡ ಅಂಗಳ ಸಿಗಲೇ ಇಲ್ಲ. ಮೇಲಾಗಿ ಕ್ರೀಡಾಂಗಣ ಸರ್ಕಾರದ್ದು, ಕ್ಲಬ್ ಅಲ್ಲಿ ಬಾಡಿಗೆದಾರ. 2019ರ ಎಎಫ್‌ಸಿ ಕಪ್‌ನಲ್ಲಿ ಚೆನ್ನೈಯಿನ್ ತನ್ನ ತವರಿನ ಪಂದ್ಯಗಳನ್ನು ಆಡಿದ್ದು ಅಹಮದಾಬಾದಿನಲ್ಲಿ. 2020ರ ಜನವರಿಯಲ್ಲಿ ಚೆನ್ನೈ ಸಿಟಿ ಏಷ್ಯಾ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯದಲ್ಲಿ ಬಹರೇನಿನ ರಿಫಾ ತಂಡವನ್ನು ಎದುರಿಸಿ 0-1ರಿಂದ ಸೋತದ್ದೂ ಅಹಮದಾಬಾದಿನಲ್ಲೇ. ಒಂದೇ ವರ್ಷದ ಅಂತರದಲ್ಲಿ ಒಂದೇ ನಗರದ ಎರಡು ಕ್ಲಬ್ಬುಗಳು ಏಷ್ಯಾದ ಎದುರು ನಿಂತಾಗ, ಎರಡಕ್ಕೂ ತಮ್ಮ ಊರಿನಲ್ಲಿ ಜಾಗವಿರಲಿಲ್ಲ. ಯಾವ ಮಾಲೀಕನನ್ನೂ ದೂರುವುದಕ್ಕಿಂತ ಮೊದಲು ಈ ಸಂಗತಿಯ ಮುಂದೆ ತಮಿಳುನಾಡಿನ ಕ್ರೀಡಾಡಳಿತ ಕೂತು ಯೋಚಿಸಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಹಳೆಯದನ್ನು ಹೊಗಳುವವರು ಹಳೆಯ ಗ್ಯಾಲರಿಗಳ ನರಕವನ್ನು ಮರೆಯುತ್ತಾರೆ ಎಂಬುದು ಆ ಆಕ್ಷೇಪ. ಅದರಲ್ಲಿ ಸತ್ಯವಿದೆ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯ ನೋಡಲು ಬಂದ 16 ಮಂದಿ ನೂಕುನುಗ್ಗಲಿನಲ್ಲಿ ಸತ್ತರು. ಇಂಗ್ಲೆಂಡಿನ ಹಿಲ್ಸ್‌ಬರೊದಲ್ಲಿ 1989ರಲ್ಲಿ ಆದ ದುರಂತಕ್ಕೆ 97 ಜೀವಗಳು ಹೋದವು. ನಿಂತು ನೋಡುವ ಸ್ಟ್ಯಾಂಡುಗಳನ್ನು ತೆಗೆದು ಕುರ್ಚಿ ಹಾಕಿದ್ದು ಆ ಸಾವುಗಳಿಂದ ಕಲಿತ ಪಾಠ. ಹಳೆಯ ಗ್ಯಾಲರಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇರುತ್ತಿರಲಿಲ್ಲ. ಇಂದು ಕುಟುಂಬ ಸಮೇತ ಬಂದು ಕೂರುವವರು ಕಾಣುತ್ತಾರೆ ಎಂದರೆ ಅದು ಹೊಸ ಲೀಗ್‌ನ ಕೊಡುಗೆ, ಅದನ್ನು ಯಾರೂ ಹಿಂದಕ್ಕೆ ಕೇಳಬಾರದು. ಆದರೆ ಸುರಕ್ಷತೆಗೂ ಪರಂಪರೆಗೂ ಜಗಳವೇ ಇಲ್ಲ. ಜರ್ಮನಿಯಲ್ಲಿ ಕ್ಲಬ್ಬಿನ ಮತಾಧಿಕಾರದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ, ನಿಂತು ನೋಡುವ ಸುರಕ್ಷಿತ ಸ್ಟ್ಯಾಂಡುಗಳೂ ಇವೆ, ಟಿಕೆಟ್ಟೂ ಕೈಗೆಟುಕುತ್ತದೆ. ಒಳ್ಳೆಯ ಶೌಚಾಲಯ ಕಟ್ಟಲು ಕ್ಲಬ್ಬಿನ ಹೆಸರು ಬದಲಿಸಬೇಕಾಗಿಲ್ಲ.

ಎರಡನೇ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದು ಬೆಂಗಳೂರಿನಿಂದಲೇ ಬರುತ್ತದೆ. ಜೆಎಸ್‌ಡಬ್ಲ್ಯು ಕಂಪನಿ 2013ರಲ್ಲಿ ಕಟ್ಟಿದ ಬೆಂಗಳೂರು ಎಫ್‌ಸಿಗೆ ಪರಂಪರೆ ಎಂಬುದೇ ಇರಲಿಲ್ಲ. ಆದರೂ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗ ದೇಶದ ಅತ್ಯಂತ ಗಟ್ಟಿ ಗ್ಯಾಲರಿಗಳಲ್ಲಿ ಒಂದನ್ನು ಕೆಲವೇ ವರ್ಷಗಳಲ್ಲಿ ಕಟ್ಟಿತು. ಅಂದ ಮೇಲೆ ಪರಂಪರೆ ಯಾಕೆ, ಒಳ್ಳೆಯ ನಿರ್ವಹಣೆ ಸಾಲದೆ? ಬೆಂಗಳೂರು ಎಫ್‌ಸಿಯ ಉದಾಹರಣೆ ನನ್ನ ವಾದಕ್ಕೆ ಬಲ ಕೊಡುತ್ತದೆ ಎಂದೇ ನನ್ನ ಅಭಿಪ್ರಾಯ. ಆ ಕ್ಲಬ್ ಆರಂಭವಾದದ್ದು ಐ-ಲೀಗ್‌ನಲ್ಲಿ, ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣದಲ್ಲಿ. ಆಟಕ್ಕೆಂದೇ ಇರುವ, ಊರಿನ ಲೀಗ್ ಪಂದ್ಯಗಳು ನಡೆಯುತ್ತ ಬಂದ, ಆಸ್ಟಿನ್ ಟೌನಿನವರು ನಡೆದು ಬರಬಹುದಾದ ಅಂಗಳ ಅದು. ಮೊದಲ ವರ್ಷವೇ ಪ್ರಶಸ್ತಿ ಗೆದ್ದಾಗ ಸುತ್ತಲಿನ ಹಳೆಯ ಫುಟ್ಬಾಲ್ ಕೇರಿಗಳು ಅದಕ್ಕೆ ಸಾಕ್ಷಿಯಾಗಿದ್ದವು. ನಂತರ ಕಂಠೀರವಕ್ಕೆ ಹೋದಾಗ ಟ್ರ್ಯಾಕಿನ ಅಂತರವೂ, ಅಥ್ಲೀಟುಗಳೊಂದಿಗಿನ ತಿಕ್ಕಾಟವೂ ಎದುರಾದವು, ಅಥ್ಲೀಟುಗಳ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಹೊಸ ಕ್ಲಬ್ಬಾದರೂ ಊರಿನ ಹಳೆಯ ಬೇರಿಗೆ ಕಸಿ ಕಟ್ಟಿಕೊಂಡರೆ ಚಿಗುರುತ್ತದೆ.

ಚೆನ್ನೈಯಿನ್ ಚರಿತ್ರೆಯಲ್ಲೂ ಇದಕ್ಕೆ ಪುರಾವೆ ಇದೆ. 2018ರ ಮಾರ್ಚ್ 13ರಂದು ಗೋವಾ ವಿರುದ್ಧದ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಜೆಜೆ ಎರಡು ಗೋಲು ಹೊಡೆದರೆ ಇನ್ನೊಂದು ಗೋಲು ಧನಪಾಲ್ ಗಣೇಶನದು. ಗಣೇಶ್ ವ್ಯಾಸರ್‌ಪಾಡಿಯ ಹುಡುಗ. ಅಲ್ಲಿನ ಮುಲ್ಲೈ ನಗರದ ಮೈದಾನದಲ್ಲಿ ಕೊಳೆಗೇರಿ ಮಕ್ಕಳಿಗಾಗಿ ನಡೆಯುತ್ತಿರುವ ತರಬೇತಿ ಕೇಂದ್ರ ದಶಕಗಳಿಂದ ಆಟಗಾರರನ್ನು ತಯಾರು ಮಾಡುತ್ತಿದೆ. ತನ್ನ ಕೇರಿಯಿಂದ ಕೆಲವೇ ಕಿಲೋಮೀಟರ್ ದೂರದ ಅಂಗಳದಲ್ಲಿ ಅವನು ತಂಡವನ್ನು ಫೈನಲ್‌ಗೆ ಮುಟ್ಟಿಸಿದ. ಚೆನ್ನೈ ಸಿಟಿಯಲ್ಲಂತೂ ಎಡ್ವಿನ್ ವ್ಯಾನ್ಸ್‌ಪಾಲ್‌ರಂಥ ತಮಿಳುನಾಡಿನವರೂ ಅಲ್ಲಿನ ಕರಾವಳಿಯ ಹುಡುಗರೂ ತಂಡದ ಬೆನ್ನೆಲುಬಾಗಿದ್ದರು. ಏಣಿ ಪೂರ್ತಿ ಮುರಿದಿಲ್ಲ, ಮೆಟ್ಟಿಲುಗಳು ಅಲ್ಲಲ್ಲಿ ಇವೆ. ಆದರೆ ಒಂದರಿಂದ ಇನ್ನೊಂದಕ್ಕೆ ಹತ್ತುವುದು ಆಯಾ ಹುಡುಗನ ಅದೃಷ್ಟಕ್ಕೆ ಬಿಟ್ಟದ್ದಾಗಿದೆ. ಚೆನ್ನೈನ ನಂದಕುಮಾರ್ ಶೇಖರ್ 2023ರ ಡುರಾಂಡ್ ಕಪ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಏಕೈಕ ಗೋಲು ಹೊಡೆದು ಹೀರೊ ಆದದ್ದು ಈಸ್ಟ್ ಬೆಂಗಾಲ್ ಅಂಗಿಯಲ್ಲಿ.

ಇದೇ ಚೆನ್ನೈನ ಕ್ರಿಕೆಟ್ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಚೆಪಾಕ್‌ನ ಪ್ರೇಕ್ಷಕರ ಆಟದರಿವು ಐಪಿಎಲ್ ತಂದದ್ದಲ್ಲ. 1999ರ ಜನವರಿ 31ರಂದು ಭಾರತ 12 ರನ್ನಿನಿಂದ ಸೋತಾಗ ಎದ್ದು ನಿಂತು ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿದ ಗ್ಯಾಲರಿ ಅದು. ಅದರ ಕೆಳಗೆ ಜಾಲಿ ರೋವರ್ಸ್, ವಿಜಯ್ ಸಿಸಿಯಂಥ ಕ್ಲಬ್ಬುಗಳ ಲೀಗ್ ಇಂದಿಗೂ ಜೀವಂತ. ಕಂಪನಿಗಳು ಇಂದಿಗೂ ಆಟಗಾರರಿಗೆ ಕೆಲಸ ಕೊಡುತ್ತವೆ. ಚೆನ್ನೈ ಸೂಪರ್ ಕಿಂಗ್ಸ್ ಆ ಗಟ್ಟಿ ನೆಲದ ಮೇಲೆ ನಿಂತ ಫ್ರ್ಯಾಂಚೈಸಿ. 2018ರ ಏಪ್ರಿಲ್‌ನಲ್ಲಿ ಕಾವೇರಿ ಹೋರಾಟದ ಬಿಸಿಗೆ ಅದರ ಪಂದ್ಯಗಳು ಪುಣೆಗೆ ಹೋದಾಗ ಅಭಿಮಾನಿಗಳು ವಿಶೇಷ ರೈಲಿನಲ್ಲಿ ತುಂಬಿಕೊಂಡು ಹಿಂದೆಯೇ ಹೋದರು. ಅದೇ ಸುಮಾರಿಗೆ ಕೊಯಮತ್ತೂರಿಗೆ ಹೋದ ಫುಟ್ಬಾಲ್ ಕ್ಲಬ್ಬಿನ ಹಿಂದೆ ಯಾವ ರೈಲೂ ಹೊರಡಲಿಲ್ಲ. ಕ್ರಿಕೆಟ್ಟಿನ ಹಣಬಲವನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರ ಪೂರ್ತಿ ತುಂಬುವುದಿಲ್ಲ.

ಹಣದ ಮಾತಿಗೆ ಬಂದರೆ, ಊರಿನ ಕ್ಲಬ್ಬುಗಳ ಕನಸಿಗೆ ದುಡ್ಡು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ದೊಡ್ಡ ಬಂಡವಾಳವಿಲ್ಲದೆ ವೃತ್ತಿಪರ ಫುಟ್ಬಾಲ್ ನಡೆಯದು, ನಿಜ. ಹಾಗಾದರೆ ಬಂಡವಾಳದ ಮಾದರಿ ಎಷ್ಟು ಭದ್ರ ಎಂದೂ ಕೇಳಬೇಕಲ್ಲವೆ? ಇಂಡಿಯನ್ ಸೂಪರ್ ಲೀಗ್‌ನ ವಾಣಿಜ್ಯ ಹಕ್ಕಿನ ಒಪ್ಪಂದ ನವೀಕರಣವಾಗದೆ 2025ರ ಜುಲೈಯಲ್ಲಿ ಲೀಗ್ ಅನಿಶ್ಚಿತವಾದಾಗ, ಮರುತಿಂಗಳೇ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು, ಚೆನ್ನೈಯಿನ್ ತನ್ನ ಚಟುವಟಿಕೆ ತಾತ್ಕಾಲಿಕವಾಗಿ ನಿಲ್ಲಿಸಿತು. ಒಂದೇ ಒಂದು ಒಪ್ಪಂದದ ಕಾಗದ ಅಲುಗಾಡಿದ್ದಕ್ಕೆ ಎರಡು ನಗರಗಳ ಕ್ಲಬ್ಬುಗಳು ಸ್ತಬ್ಧವಾದವು. ಇದಕ್ಕೆ ಮಾಲೀಕರನ್ನು ಮಾತ್ರ ಹೊಣೆ ಮಾಡಲಾಗದು, ವರ್ಷಗಟ್ಟಲೆ ನಷ್ಟ ಹೊತ್ತವರು ಅವರೇ. ಆದರೆ ಮೋಹನ್ ಬಾಗಾನ್ ಕಥೆ ಇನ್ನೊಂದು ಬಗೆಯ ಬಲವನ್ನು ತೋರಿಸುತ್ತದೆ. 2020ರಲ್ಲಿ ಅದರ ಹೆಸರಿನ ಮುಂದೆ ಎಟಿಕೆ ಎಂದು ಸೇರಿಸಿದಾಗ ಅಭಿಮಾನಿಗಳು ಮೂರು ವರ್ಷ ಬಿಡದೆ ಪ್ರತಿಭಟಿಸಿದರು, 2023ರಲ್ಲಿ ಆ ಮೂರಕ್ಷರ ಹೋಯಿತು. ಬಂಡವಾಳ ಉಳಿಯಿತು, ತಂಡ ಗೆಲ್ಲುತ್ತಲೇ ಇತ್ತು. ಮಾಲೀಕನ ಹಣವೂ ಊರಿನ ಹಕ್ಕೂ ಒಟ್ಟಿಗೆ ಬಾಳಬಹುದು, ಊರಿಗೆ ಹಕ್ಕೆಂಬುದು ಇದೆ ಎಂದು ಯಾರಾದರೂ ಒಪ್ಪಿದರೆ.

ಚೆನ್ನೈ ಸಿಟಿಗೆ ಆ ಒಪ್ಪಿಗೆ ಸಿಗಲಿಲ್ಲ. ಅದು ಟ್ರೋಫಿ ಗೆದ್ದ 2019ರಲ್ಲೇ ಐಎಸ್‌ಎಲ್ ದೇಶದ ಪ್ರಥಮ ಲೀಗ್ ಎಂಬ ಮನ್ನಣೆಯ ಹಾದಿ ನಿಗದಿಯಾಯಿತು. ಐ-ಲೀಗ್ ಗೆದ್ದವರಿಗೆ ಮೇಲೆ ಹೋಗುವ ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಎಫ್‌ಸಿ ಬಾಸೆಲ್, ಚೆನ್ನೈ ಸಿಟಿಯ ಶೇ 26ರಷ್ಟು ಪಾಲು ಕೊಂಡಿತು. ಆದರೂ 2021ರ ನಂತರ ಚೆನ್ನೈ ಸಿಟಿ ಐ-ಲೀಗ್‌ನಲ್ಲಿ ಕಾಣಿಸಲಿಲ್ಲ. ಬಾಗಿಲು ತೆರೆದದ್ದು 2023ರಲ್ಲಿ. ಐ-ಲೀಗ್ ಗೆದ್ದ ಪಂಜಾಬ್ ತಂಡ ಆ ವರ್ಷ ಮೊದಲ ಬಾರಿ ಬಡ್ತಿ ಪಡೆಯಿತು, ಮರುವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್. ಆಡಿ ಗೆದ್ದು ಮೇಲೇರುವ ನಿಯಮ ನಾಲ್ಕು ವರ್ಷ ಮೊದಲೇ ಇದ್ದಿದ್ದರೆ 1946ರ ಆ ಕ್ಲಬ್ ಚೆನ್ನೈಯಿನ್ ಜೊತೆ ಒಂದೇ ಲೀಗ್‌ನಲ್ಲಿ ಇರುತ್ತಿತ್ತು, ನಗರಕ್ಕೆ ತನ್ನದೇ ಡರ್ಬಿ ಸಿಗುತ್ತಿತ್ತು.

ಇನ್ನು ಮುಂದಿನ ಕೆಲಸ ಕಾಗದದ ಮೇಲೆ ಶುರುವಾಗಬೇಕು. ಕ್ಲಬ್ಬಿನ ಲಾಂಛನ, ಬಣ್ಣ, ಊರು ಇವುಗಳನ್ನು ಅಭಿಮಾನಿಗಳನ್ನು ಕೇಳದೆ ಬದಲಿಸಬಾರದೆಂಬ ರಕ್ಷಣೆಯನ್ನು ಇಂಗ್ಲೆಂಡ್ 2025ರಲ್ಲಿ ಕಾನೂನಾಗಿಯೇ ಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಭಾರತೀಯ ಫುಟ್ಬಾಲ್ ಫೆಡರೇಷನ್ನಿನ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿದೆ. ಹೊಸ ವಾಣಿಜ್ಯ ಒಪ್ಪಂದಗಳು ಬರೆಯಲ್ಪಡುವ ಕಾಲ ಇದು. ಅವುಗಳಲ್ಲಿ ಇಂಥ ಒಂದು ಕಲಮು ಸೇರಿಸಲು ಖರ್ಚಿಲ್ಲ. ಪ್ರತಿ ಕ್ಲಬ್ಬೂ ತನ್ನ ಎರಡನೇ ತಂಡವನ್ನು ಊರಿನ ಹಿರಿಯ ಡಿವಿಷನ್ ಲೀಗ್‌ನಲ್ಲಿ ಆಡಿಸಬೇಕು, ಆ ಪಂದ್ಯಗಳಿಗೆ ಐಸಿಎಫ್ ಮೈದಾನವೋ ವ್ಯಾಸರ್‌ಪಾಡಿಯೋ ತವರಾಗಬೇಕು. ಸರ್ಕಾರ ಕ್ರೀಡಾಂಗಣವನ್ನು ಪಂದ್ಯಕ್ಕೊಮ್ಮೆ ಬಾಡಿಗೆಗೆ ಕೊಡುವ ಬದಲು ಹತ್ತಿಪ್ಪತ್ತು ವರ್ಷಗಳ ಗೇಣಿಗೆ ಕೊಟ್ಟು, ಅದಕ್ಕೆ ಬದಲಾಗಿ ಆ ಊರು ಬಿಟ್ಟು ಹೋಗುವುದಿಲ್ಲವೆಂಬ ಕರಾರು ಬರೆಸಿಕೊಳ್ಳಬೇಕು.